ಬೋನಿಗಿಂತ ಬೀದಿದೀಪ ಮೇಲು

ಮುಂಬಯಿಯ ಆರೇ ಕಾಲೊನಿಯಲ್ಲಿ ಚಿರತೆ ಕಂಡೊಡನೆ ನಗರವಾಸಿಗಳಾದ ನಾವು ಬೋನು ಇಡಿರೆಂದು ಒತ್ತಾಯಿಸುತ್ತೇವೆ. ಪುಣೆ ಜಿಲ್ಲೆಯ ಜುನ್ನರ್ ಕಲಿಸಿದ ಪಾಠ ಬೇರೆ. ಅಲ್ಲಿ ಹಿಡಿದ ಚಿರತೆಗಳನ್ನು ಬೇರೆ ಕಾಡುಗಳಿಗೆ ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರ 2011ರ ಅಧ್ಯಯನ ತೋರಿಸಿತು.

ನಾವು ಎಸೆದ ಕಸಕ್ಕೆ ನಾಯಿಗಳು ಬರುತ್ತವೆ; ನಾಯಿಗಳನ್ನರಸಿ ಚಿರತೆ ಬರುತ್ತದೆ. ಅಪಾಯಕ್ಕೆ ಮೊದಲು ಸಿಲುಕುವವರು ಮಾತ್ರ ಕತ್ತಲಲ್ಲಿ ಬಯಲಿಗೆ ಹೋಗಬೇಕಾದ ಆದಿವಾಸಿ ಪಾಡಾಗಳ ಮಕ್ಕಳು. ಶೌಚಾಲಯ, ಬೀದಿದೀಪ, ಕಸದ ವಿಲೇವಾರಿ ಇವು ಮಗುವನ್ನೂ ಕಾಯುತ್ತವೆ, ಚಿರತೆಯನ್ನೂ ಕಾಯುತ್ತವೆ. ಪ್ರಾಣಿದಯೆ ಬೇರೆ, ಜನಸೇವೆ ಬೇರೆ ಎಂದು ಎರಡು ಲೆಕ್ಕ ಇಡುವುದನ್ನು ನಾವು ಬಿಡಬೇಕು. ಮುಂದಿನ ಮನವಿಯನ್ನು ಅರಣ್ಯ ಇಲಾಖೆಗಲ್ಲ, ಮಹಾನಗರಪಾಲಿಕೆಗೆ ಬರೆಯೋಣ.