ಗಣಕದಲ್ಲಿರುವ ನಮ್ಮ ಹಳೆಯ ಪಟ್ಟಿಗಳ ವಿಷಯವಾಗಿ



ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವವನ್ನು ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬೇರೆ ಇದ್ದಾರೆ. ನಾನಾದರೋ ಒಂದು ಕಂಪ್ಯೂಟರ್ ಕಡತದ ವಿಷಯವಾಗಿ ಬರೆಯುವೆನು. ಓದಿ ಮುಗಿಸುವ ತನಕ ನಗಬಾರದೆಂದು ಬೇಡುತ್ತೇನೆ.

ಕಳೆದ ಮಳೆಗಾಲದಲ್ಲಿ ಸೊಲ್ಲಾಪುರದಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಬಂದರು. ಹೊರ್ತಿಯಿಂದ ಆ ಪಟ್ಟಣಕ್ಕೆ ಹೆದ್ದಾರಿಯೇ ಇರುವುದರಿಂದ ನಮ್ಮ ಹುಡುಗಿಯರು ಅಲ್ಲಿಗೆ ಸೊಸೆಯಂದಿರಾಗಿ ಹೋಗುವುದು ಹೊಸದಲ್ಲ. ಇವರಿಗೆ ಒಂದು ಪಿಂಚಣಿಯ ಕೆಲಸಕ್ಕಾಗಿ ಜನ್ಮದಿನದ ಆಧಾರವು ಬೇಕಾಗಿತ್ತು. ಇವರು ಓದಿದ ವರ್ಷಗಳ ಜನರಲ್ ರಜಿಸ್ಟರಿನ ಹಾಳೆಗಳನ್ನು ಗೆದ್ದಲು ತಿಂದು ಬಹು ಕಾಲವಾಯಿತು. ಆದರೆ ಗೆದ್ದಲು ಹತ್ತುವುದಕ್ಕೆ ಮೊದಲು, ೨೦೦೩ರಲ್ಲಿ, ಆಗಿನ ಕಾರಕೂನರು ಆ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರು. ಆದುದರಿಂದ ನಾನು ಧೈರ್ಯವಾಗಿ, “ಕುಳಿತುಕೊಳ್ಳಿರಿ ತಾಯಿ, ಈಗ ಸಿಕ್ಕುತ್ತದೆ” ಎಂದೆನು.

ಕಡತವು ತೆರೆಯಿತು. ಅದರಲ್ಲಿ ಜನ್ಮದಿನಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವು ಯಾರವೆಂಬುದು ಮಾತ್ರ ತಿಳಿಯುವಂತಿರಲಿಲ್ಲ. ಹೆಸರುಗಳಿರಬೇಕಾದ ಅಂಕಣದಲ್ಲಿ ಇಂಗ್ಲಿಷ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. ಆಕೆ ಪರದೆಯನ್ನು ಬಹಳ ಹೊತ್ತು ನೋಡಿ, “ಅಕ್ಕೋರ, ನನ್ನ ಹೆಸರು ಅದರಾಗ ಐತಿ ಅಂತೀರಿ, ಆದ್ರ ಕಾಣವಲ್ದಲ್ರಿ?” ಎಂದರು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಎಂಟು ದಿವಸ ಹಿಡಿಯಿತು.

ಮೊದಲು ಕಡತದ ರೂಪವನ್ನು ಹೇಳುತ್ತೇನೆ. ಅದು ವಿಜುಯಲ್ ಫಾಕ್ಸ್‌ಪ್ರೊ ಎಂಬ ತಂತ್ರಾಂಶದಲ್ಲಿ ಮಾಡಿದ್ದು. ಆ ತಂತ್ರಾಂಶದ ಕೊನೆಯ ಆವೃತ್ತಿಯಾದ ೯ನೆಯದು ೨೦೦೪ರಲ್ಲಿ ಹೊರಬಂದಿತು. ಇನ್ನು ಮುಂದಿನದಿಲ್ಲವೆಂದು ಮೈಕ್ರೋಸಾಫ್ಟಿನವರು ೨೦೦೭ರಲ್ಲಿ ಸಾರಿ, ೨೦೧೫ರ ಜನವರಿಯಲ್ಲಿ ಅದರ ಬೆಂಬಲವನ್ನು ನಿಲ್ಲಿಸಿದರು. ಬೆಂಬಲ ನಿಂತಿತೆಂದರೆ ಕಡತವು ಆ ದಿನವೇ ಸತ್ತುಹೋಯಿತೆಂದಲ್ಲ. ದೋಷ ಕಂಡರೆ ತಿದ್ದುವವರಿಲ್ಲ, ಹೊಸ ಯಂತ್ರಕ್ಕೆ ಹೊಂದಿಸಿಕೊಡುವವರಿಲ್ಲ ಎಂದಷ್ಟೇ ಅರ್ಥ. ಫಾಕ್ಸ್‌ಪ್ರೊದವರು ಉಪಯೋಗಿಸುತ್ತಿದ್ದ ಡಿಬಿಎಫ್ ರೂಪವು ೧೯೮೦ರ ದಶಕದ ಡಿಬೇಸ್ ಎಂಬ ತಂತ್ರಾಂಶದಿಂದ ಬಂದದ್ದು, ರಚನೆಯಲ್ಲಿ ಬಹಳ ಸರಳ. ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸ್ ಇಂದಿಗೂ ಅದನ್ನು ತೆರೆಯುತ್ತದೆ. ಎಲ್ಲ ಕಡತಗಳಿಗೂ ಈ ಭಾಗ್ಯವಿಲ್ಲ. ಆಕ್ಸೆಸ್ ತಂತ್ರಾಂಶದ ೧೯೯೭ರ ಆವೃತ್ತಿಯಲ್ಲಿ ಮಾಡಿದ ಕಡತವನ್ನು ಅದರದೇ ೨೦೧೩ರ ಆವೃತ್ತಿಯು ತೆರೆಯಲಾರದು. ನಡುವಿನ ಆವೃತ್ತಿಯೊಂದರಲ್ಲಿ ತೆರೆದು ಹೊಸ ರೂಪಕ್ಕೆ ತಿರುಗಿಸಿಕೊಳ್ಳಬೇಕು. ವಿಂಡೋಸ್ ೧೦ಕ್ಕೂ, ಆಕ್ಸೆಸ್ ೨೦೧೬ ಮತ್ತು ೨೦೧೯ಕ್ಕೂ ೨೦೨೫ರ ಅಕ್ಟೋಬರ್ ೧೪ರಂದೇ ಬೆಂಬಲವು ಮುಗಿದದ್ದನ್ನು ತಮ್ಮ ಅಂಗಡಿಯ ಅಥವಾ ಸಂಘದ ಲೆಕ್ಕವನ್ನು ಅವುಗಳಲ್ಲಿಟ್ಟಿರುವ ಪಾಲಕರು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ನಮ್ಮ ಕಡತಕ್ಕೆ ಬಂದ ಕೇಡೇನು? ಕನ್ನಡದ ಕೇಡು ಎಂದು ಹೇಳಬೇಕಾಗಿದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವು ೧೯೯೧ರಲ್ಲಿಯೇ ದೊರೆತಿದ್ದರೂ ನಮ್ಮ ಕಚೇರಿಗಳಿಗೆ ಅದು ಬರಲು ಬಹಳ ವರ್ಷಗಳಾದವು. ಅದುವರೆಗೆ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳು ಕನ್ನಡದ ಕೆಲಸವನ್ನು ನಡೆಸಿದವು; ಅವುಗಳ ಉಪಕಾರವನ್ನು ಮರೆಯುವ ಕೃತಘ್ನೆ ನಾನಲ್ಲ. ಆದರೆ ಆ ಕಾಲದ ಅಕ್ಷರರೂಪಗಳು ಇಂಗ್ಲಿಷಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂಡಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಅಂಕಿಗಳಿಗೆ ಅವುಗಳ ಸ್ಥಾನವೇ ಇದ್ದುದರಿಂದ ಅವು ಮಾತ್ರ ಉಳಿದವು.

ಬೆಂಗಳೂರಿನಲ್ಲಿರುವ ನಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಯು ಆ ಹಳೆಯ ಫಾಂಟನ್ನು ಹುಡುಕಿ ಕಳುಹಿಸಿದಳು. ಕಡತದ ನಕಲಿಗೆ ಅದನ್ನು ಹೊಂದಿಸಿದೊಡನೆ ಹೆಸರುಗಳು ಒಂದೊಂದಾಗಿ ಎದ್ದು ನಿಂತವು. ನಕಲಿಗೆ ಎಂದುದನ್ನು ಗಮನಿಸಬೇಕು. ಡಿಬಿಎಫ್ ಕಡತವನ್ನು ತೆರೆಯುವಾಗ ಯಾವ ಅಕ್ಷರಸಂಕೇತವೆಂದು ಯಂತ್ರವು ಕೇಳುತ್ತದೆ; ಅಲ್ಲಿ ತಪ್ಪು ಉತ್ತರ ಕೊಟ್ಟು ಮೂಲದ ಮೇಲೆಯೇ ಉಳಿಸಿಬಿಟ್ಟರೆ ಉಳಿದದ್ದೂ ಕೆಡುವುದು.

ಅನಂತರ ಯುನಿಕೋಡಿಗೆ ತಿರುಗಿಸುವ ಕೆಲಸ. ಅದಕ್ಕೆ ಪರಿವರ್ತಕಗಳುಂಟು, ಆದರೆ ಅವುಗಳನ್ನು ಕಣ್ಣು ಮುಚ್ಚಿ ನಂಬಲಾಗದು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿರಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ತರುವಾಯ ಕೂಡುತ್ತದೆ. ಯುನಿಕೋಡಿನಲ್ಲಿ ರಕಾರವು ಮೊದಲೇ ಬರತಕ್ಕದ್ದು. ಅದಲ್ಲದೆ ನಮ್ಮ ಕಾರಕೂನರು ಅವಸರದಲ್ಲಿ ಅರ್ಕಾವೊತ್ತಿಗೆ ಬದಲಾಗಿ ಒಂಬತ್ತರ ಅಂಕಿಯನ್ನೇ ಒತ್ತಿದ್ದುಂಟು. ಕಣ್ಣಿಗೆ ಎರಡೂ ಒಂದೇ. ಪರಿವರ್ತನೆಯಾದ ಮೇಲೆ ಕೆಲವು ಹುಡುಗಿಯರು ‘ಹೊರ್ತಿ’ಯವರಾದರು, ಕೆಲವರು ‘ಹೊತಿ೯’ಯವರಾದರು, ಕೆಲವರು ಬರಿಯ ‘ಹೊತಿ’ಯವರು! ಹೊರ್ತಿ ಎಂದು ಹುಡುಕಿದರೆ ಮೊದಲನೆಯವರು ಮಾತ್ರ ಸಿಕ್ಕುವರು. ಆದುದರಿಂದ ಉಳಿದಿರುವ ಕಾಗದದೊಡನೆ ಸಾಲುಸಾಲಾಗಿ ಓದಿ ನೋಡದೆ ಗತ್ಯಂತರವಿಲ್ಲ.

ಇಷ್ಟೆಲ್ಲ ಆಗಿ ಆಕೆಯ ಹೆಸರು ಸಿಕ್ಕಿತು. ಆದರೆ ಆಕೆ ಹೇಳಿದಂತೆ, ತಂದೆಯವರು ಆಕೆಯ ಜನ್ಮದಿನವನ್ನು ತಿದ್ದಿಸಿ, ಅದನ್ನು ರಜಿಸ್ಟರಿನ ಷರಾ ಅಂಕಣದಲ್ಲಿ ಬರೆಯಿಸಿದ್ದರಂತೆ. ಫಾಕ್ಸ್‌ಪ್ರೊದಲ್ಲಿ ಅಂಥ ಉದ್ದವಾದ ಬರಹಗಳು ಮುಖ್ಯ ಕಡತದಲ್ಲಿರದೆ ಎಫ್‌ಪಿಟಿ ಎಂಬ ಜೊತೆಗಡತದಲ್ಲಿರುತ್ತವೆ. ೨೦೧೧ರಲ್ಲಿ ಹಳೆಯ ಕಂಪ್ಯೂಟರನ್ನು ತೆಗೆದುಹಾಕುವಾಗ ನಾವು ಡಿಬಿಎಫ್ ಒಂದನ್ನೇ ನಕಲು ಮಾಡಿಕೊಂಡು ಜೊತೆಗಡತವನ್ನು ಬಿಟ್ಟುಬಿಟ್ಟೆವು. ಷರಾಗಳೆಲ್ಲವೂ ಹೋದವು. ತಿದ್ದುಪಡಿಗೆ ಮುಂಚಿನ ಜನ್ಮದಿನವನ್ನು ಮಾತ್ರ ನಾನು ಪ್ರಮಾಣೀಕರಿಸಿ ಕೊಡಬೇಕಾಯಿತು. ಆಕೆ ಅದನ್ನು ಮಡಚಿಟ್ಟುಕೊಂಡು, ಬೈಯದೆ, ಸೊಲ್ಲಾಪುರದ ಬಸ್ಸು ಹತ್ತಿದರು.

ಇಂಥ ನಷ್ಟವು ನಮ್ಮ ಊರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ೧೦೮೬ರ ಡೂಮ್ಸ್‌ಡೇ ಪುಸ್ತಕದ ಒಂಬೈನೂರನೆಯ ವರ್ಷದ ನೆನಪಿಗಾಗಿ, ೧೯೮೬ರಲ್ಲಿ, ಬಿ.ಬಿ.ಸಿ.ಯವರು ಶಾಲೆಯ ಮಕ್ಕಳಿಂದ ಅವರವರ ಊರುಗಳ ವರ್ಣನೆಯನ್ನು ಬರೆಯಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. ಹದಿನೈದು ವರ್ಷಗಳಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾದವು, ಚರ್ಮದ ಹಾಳೆಗಳ ಮೂಲಪುಸ್ತಕವಾದರೋ ಇನ್ನೂ ಓದಲು ಬರುತ್ತಿತ್ತು! ಬಹಳ ಶ್ರಮಪಟ್ಟು ಅದನ್ನು ಉಳಿಸಿಕೊಂಡರು. ನಮ್ಮ ಜಿಲ್ಲೆಯು ೧೯೫೬ರ ವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಿರಿಯರ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಗಳನ್ನು ತಾವು ಕಂಡಿರಬಹುದು. ಅವುಗಳ ಮಸಿ ಮಾಸಿಲ್ಲ; ಓದುವವರು ಮಾತ್ರ ವಿರಳರಾಗಿದ್ದಾರೆ.

ಈಗ ನನ್ನ ಅಭಿಪ್ರಾಯ. ಹಳೆಯ ಯಂತ್ರವನ್ನೇ ದುರಸ್ತಿ ಮಾಡಿಸಿ ಇಟ್ಟುಕೊಳ್ಳೋಣವೆಂದು ಸಮಿತಿಯಲ್ಲಿ ಕೆಲವರು ಹೇಳುತ್ತಾರೆ. ಯಾವುದೋ ಹೊಸ ತಂತ್ರಾಂಶವನ್ನು ಕೊಂಡು, ಕಾಗದದ ರಜಿಸ್ಟರುಗಳನ್ನು ರದ್ದಿಗೆ ಹಾಕಿಬಿಡೋಣವೆಂದು ಇನ್ನು ಕೆಲವರು. ಎರಡನ್ನೂ ನಾನು ಒಪ್ಪೆನು. ಯಂತ್ರವು ಇಂದಲ್ಲ ನಾಳೆ ನಿಲ್ಲುವುದು, ಹೊಸ ತಂತ್ರಾಂಶದ ಬೆಂಬಲವೂ ಒಂದು ದಿನ ಮುಗಿಯುವುದು. ಪಟ್ಟಿಯು ವಿದ್ಯಾರ್ಥಿನಿಯ ಸ್ವತ್ತೇ ಹೊರತು ತಂತ್ರಾಂಶದ ಸ್ವತ್ತಲ್ಲ. ಅದನ್ನು ಸಿ.ಎಸ್.ವಿ. ಎಂಬ ಸಾದಾ ಪಠ್ಯರೂಪದಲ್ಲಿ, ಯುನಿಕೋಡ್ ಕನ್ನಡದಲ್ಲಿ, ಸಾಲಿಗೊಬ್ಬಳಂತೆ ಹೊರತೆಗೆದು ಇಡತಕ್ಕದ್ದು. ಮೂಲ ಕಡತವನ್ನೂ ಅದರ ಜೊತೆಗಡತಗಳನ್ನೂ ಮುಟ್ಟದೆ ಪಕ್ಕದಲ್ಲಿಯೇ ಇಡತಕ್ಕದ್ದು. ಅಂಕಣಗಳ ಅರ್ಥವನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಬಹಳ ಅವಶ್ಯ. ಶಾಲೆ ಬಿಟ್ಟ ಕಾರಣವೆಂಬ ಅಂಕಣದಲ್ಲಿ ನಮ್ಮಲ್ಲಿ ೧ರಿಂದ ೭ರ ವರೆಗಿನ ಅಂಕಿಗಳಿವೆ. ೪ ಎಂದರೆ ಮದುವೆಯೋ ವರ್ಗಾವಣೆಯೋ ಎಂಬುದು ನಿವೃತ್ತರಾದ ಕಾರಕೂನರ ತಲೆಯಲ್ಲಿ ಮಾತ್ರ ಇತ್ತು. ಅವರು ಸುಖವಾಗಿದ್ದುದರಿಂದ ಕೇಳಿ ಬರೆದುಕೊಂಡೆವು. ಪ್ರತಿ ವರ್ಷ ಜೂನಿನಲ್ಲಿ ರಜಿಸ್ಟರು ತೆರೆಯುವ ದಿನವೇ ಈ ಕಡತಗಳನ್ನೂ ಒಮ್ಮೆ ತೆರೆದು ನೋಡಿ ಸಹಿ ಹಾಕುವ ಪದ್ಧತಿಯನ್ನು ಈ ಸಾಲಿನಿಂದ ಆರಂಭಿಸಿದ್ದೇವೆ.

ಈಗಿನ ಮಕ್ಕಳ ವಿವರಗಳು ಸರಕಾರದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಸೇರುತ್ತವೆ. ನನ್ನ ಚಿಂತೆ ಅವರ ಅವ್ವಂದಿರ ಮತ್ತು ಅಜ್ಜಿಯಂದಿರ ವಿಷಯವಾಗಿ.

ಕಂಪ್ಯೂಟರ್ ವಿದ್ಯೆಯನ್ನು ಬಲ್ಲ ಸೋದರಿಯರು ಬೇಸಗೆಯ ರಜೆಯಲ್ಲಿ ತೌರಿಗೆ ಬಂದಾಗ ಎರಡು ದಿವಸ ಶಾಲೆಗೆ ಬಂದು ಈ ಪರಿಶೀಲನೆಯಲ್ಲಿ ಕೈಗೂಡಿಸಬೇಕೆಂದು ಬಿನ್ನಹ. ಕಡತವನ್ನು ಮನೆಗೆ ಕಳುಹಿಸಿಕೊಡಲು ಕೇಳಬಾರದು. ಅದರಲ್ಲಿ ಜಾತಿ, ಜನ್ಮದಿನ, ಮನೆತನದ ವಿವರಗಳಿರುವುದರಿಂದ ಅದನ್ನು ಅಂತರ್ಜಾಲದ ಯಾವುದೋ ಪರಿವರ್ತಕಕ್ಕೆ ಒಪ್ಪಿಸಲು ನಾನು ಬಿಡಲಾರೆನು. ಉಳಿದವರು ತಮ್ಮ ಶಾಲೆ ಬಿಟ್ಟ ಪ್ರಮಾಣಪತ್ರವು ಮನೆಯಲ್ಲಿದ್ದರೆ, ಮುಖ್ಯವಾಗಿ ಜನ್ಮದಿನ ತಿದ್ದಿಸಿಕೊಂಡವರು, ಒಮ್ಮೆ ತಂದು ತೋರಿಸಬೇಕು. ಮೂಲಪತ್ರವನ್ನು ಬಿಟ್ಟುಹೋಗಬೇಕಾಗಿಲ್ಲ, ನೋಡಿ ಬರೆದುಕೊಂಡು ಅಲ್ಲಿಯೇ ಹಿಂದಿರುಗಿಸಲಾಗುವುದು.