ಮನೆಯಿಂದ ಶಾಲೆಗೆ ಎಷ್ಟು ನಿಮಿಷ?

ಮನೆ ನೋಡಲು ಹೊರಟ ದೊಡ್ಡವರನ್ನು ನೀವು ಗಮನಿಸಿದ್ದೀರಾ ಮಕ್ಕಳೇ? ಬಾಗಿಲು ಪೂರ್ವಕ್ಕಿದೆಯೇ, ಬೋರ್‌ವೆಲ್ ಇದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ, ಚದರಡಿಗೆ ಎಷ್ಟು ಎಂದು ಒಂದೇ ಸಮನೆ ಕೇಳುತ್ತಾರೆ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ತಾರಸಿ ಹತ್ತಿ ಸುತ್ತ ನೋಡುತ್ತಾರೆ. ಜೊತೆಗೆ ಹೋದ ಹುಡುಗರು ಮಾತ್ರ ಗೇಟಿಗೆ ಜೋತುಬಿದ್ದು ನಿಂತಿರುತ್ತಾರೆ. ದಿನಾ ಬೆಳಿಗ್ಗೆ ಆ ಮನೆಯಿಂದ ಎಲ್ಲರಿಗಿಂತ ಮೊದಲು ಹೊರಡಬೇಕಾದವರು ಅವರೇ. ಆದರೂ ‘ಇಲ್ಲಿಂದ ನಿನ್ನ ಶಾಲೆಗೆ ಎಷ್ಟು ಹೊತ್ತು ಬೇಕು?’ ಎಂದು ಅವರನ್ನು ಕೇಳುವವರು ಕಡಿಮೆ.

ಈ ವಾರ ಆ ಪ್ರಶ್ನೆಯನ್ನೇ ಹಿಡಿದುಕೊಳ್ಳೋಣ. ನಮ್ಮ ಮನೆಯಲ್ಲಿ ಕಳೆದ ಆರು ತಿಂಗಳು ಇದರದ್ದೇ ಮಾತು.

ಮೊದಲು ನಮ್ಮೂರಿನ ಕಥೆ ಸ್ವಲ್ಪ ಹೇಳುತ್ತೇನೆ. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಭದ್ರಾ ನದಿಯ ದಡದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಿಲ್ಲಿಸಿದವರು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನ ಮರದಿಂದ ಇದ್ದಿಲು, ಭದ್ರೆಯಿಂದ ನೀರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕಾರ್ಖಾನೆ ಬಂದ ಮೇಲೆ ಕೆಲಸಗಾರರಿಗೆ ಮನೆ ಬೇಕಲ್ಲ? ನ್ಯೂಟೌನ್, ಪೇಪರ್‌ಟೌನ್ ಬೆಳೆದವು. ಸಾಲು ಸಾಲು ಕ್ವಾರ್ಟರ್ಸ್. ಅಲ್ಲೇ ಶಾಲೆ, ಅಲ್ಲೇ ಆಸ್ಪತ್ರೆ, ಅಲ್ಲೇ ಆಟದ ಮೈದಾನ. ಅಪ್ಪ ಸೈರನ್ ಕೂಗಿದಾಗ ಸೈಕಲ್ ಹತ್ತಿದರೆ ಮಕ್ಕಳು ಗಂಟೆ ಹೊಡೆದಾಗ ಓಡಿದರೆ ಸಾಕಿತ್ತು. ಮನೆ ಎಲ್ಲಿ, ಶಾಲೆ ಎಲ್ಲಿ, ಕೆಲಸ ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೂ ಕಾರ್ಖಾನೆಯೇ ಒಂದೇ ಏಟಿಗೆ ಉತ್ತರ ಕೊಟ್ಟುಬಿಟ್ಟಿತ್ತು.

ಆ ಕಾಲ ಈಗಿಲ್ಲ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂದಾಗ ಊರಿಗೆ ಊರೇ ಕಂಗಾಲಾಯಿತು. ಈಗ ಅಪ್ಪನ ಕೆಲಸ ಒಂದು ಕಡೆ, ಅಮ್ಮನ ಕೆಲಸ ಇನ್ನೊಂದು ಕಡೆ, ಮಕ್ಕಳ ಶಾಲೆ ಮತ್ತೊಂದು ಕಡೆ. ಬೆಳಿಗ್ಗೆ ಎಂಟು ಗಂಟೆಗೆ ಭದ್ರಾವತಿಯ ಬಸ್ ನಿಲ್ದಾಣದಲ್ಲಿ ನಿಂತರೆ ಶಿವಮೊಗ್ಗಕ್ಕೆ ಹೋಗುವವರ ಗುಂಪು, ಶಿವಮೊಗ್ಗದಿಂದ ಬಂದು ಇಳಿಯುವವರ ಗುಂಪು ಎದುರುಬದುರಾಗುತ್ತವೆ. ನಡುವೆ ಇರುವುದು ಸುಮಾರು 20 ಕಿಲೋಮೀಟರ್ ದಾರಿ.

ನನ್ನ ಮಗಳ ಸಂಸಾರದ ಸ್ಥಿತಿಯೂ ಹೀಗೆಯೇ. ಅವಳಿಗೆ ಭದ್ರಾವತಿಯ ಒಂದು ಬ್ಯಾಂಕಿನಲ್ಲಿ ಕೆಲಸ. ಅಳಿಯಂದಿರಿಗೆ ಶಿವಮೊಗ್ಗದಲ್ಲಿ. ಮೊಮ್ಮಗಳು ಈ ವರ್ಷ ಆರನೇ ತರಗತಿ, ಅವಳ ತಮ್ಮ ಒಂದನೇ ತರಗತಿ. ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಸಾಲ ಮಾಡಿ ಸ್ವಂತ ಮನೆ ಕೊಳ್ಳುವುದೆಂದು ತೀರ್ಮಾನಿಸಿದರು. ನೋಡಿದ ಮನೆಗಳಲ್ಲಿ ನಾಲ್ಕು ಉಳಿದವು.

ಒಂದು, ಶಿವಮೊಗ್ಗದ ಹೊರಗೆ ಸವಳಂಗ ರಸ್ತೆಯ ಕಡೆಯ ಹೊಸ ಬಡಾವಣೆ. ಅಗಲ ರಸ್ತೆ, ಮೂರು ಕೋಣೆ, ಹಿಂದೆ ತೆಂಗಿನ ಗಿಡ ನೆಡಲು ಜಾಗ. ಎರಡು, ಶಿವಮೊಗ್ಗ-ಭದ್ರಾವತಿ ನಡುವೆ ಹೆದ್ದಾರಿ ಪಕ್ಕದ ಇನ್ನೊಂದು ಬಡಾವಣೆ. ಮೂರು, ನಗರದೊಳಗೆ ಮಕ್ಕಳ ಶಾಲೆಯ ಹತ್ತಿರ ಇಪ್ಪತ್ತೈದು ವರ್ಷ ಹಳೆಯ ಎರಡು ಕೋಣೆಯ ಮನೆ. ನಾಲ್ಕು, ಭದ್ರಾವತಿಯಲ್ಲಿ ನಮ್ಮ ಬೀದಿಯಲ್ಲೇ ಖಾಲಿಯಾಗಿದ್ದ ಮನೆ. ನನ್ನ ಮನಸ್ಸು ಯಾವುದರ ಮೇಲಿತ್ತು ಎಂದು ಬೇರೆ ಹೇಳಬೇಕೇ?

ದೊಡ್ಡವರೆಲ್ಲ ಎರಡನೆಯದಕ್ಕೆ ಒಲಿದಿದ್ದರು. "ಅಪ್ಪ, ಅದು ಸರಿಯಾಗಿ ನಡುವೆ ಇದೆ. ನನಗೂ ಅರ್ಧ ದಾರಿ, ಅವರಿಗೂ ಅರ್ಧ ದಾರಿ" ಎಂದಳು ಮಗಳು. ಕೇಳಲು ನ್ಯಾಯವಾಗಿಯೇ ಇತ್ತು. ಆಗ ಮೊಮ್ಮಗಳು, "ಅಮ್ಮ, ನಮ್ಮ ಶಾಲೆ ಯಾವುದರ ನಡುವೆ ಇದೆ?" ಎಂದಳು. ಯಾರೂ ಮಾತಾಡಲಿಲ್ಲ.

ನಾನು ನಲವತ್ತು ವರ್ಷ ಮೇಷ್ಟ್ರಾಗಿದ್ದವನು. ಉತ್ತರ ಗೊತ್ತಿಲ್ಲದಿದ್ದರೆ ಲೆಕ್ಕ ಮಾಡು ಎನ್ನುವುದು ನನ್ನ ಅಭ್ಯಾಸ. ಒಂದು ನೋಟ್‌ಬುಕ್ ಕೊಟ್ಟು, ನಾಲ್ಕು ಮನೆಗೂ ನಾಲ್ಕು ಪುಟ ಮಾಡಿಸಿದೆ. ಕಿಲೋಮೀಟರ್ ಬರೆಯಬೇಡ, ನಿಮಿಷ ಬರೆ ಎಂದೆ. ಕಿಲೋಮೀಟರ್ ಎಂದಿಗೂ ಬದಲಾಗುವುದಿಲ್ಲ. ನಿಮಿಷ ಮಾತ್ರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಳೆಗಾಲದಲ್ಲಿ ಇನ್ನೊಂದು. ರೈಲ್ವೆ ಗೇಟು ಬಿದ್ದರೆ ಸಾಲುಗಟ್ಟಿ ನಿಲ್ಲುವ ಕಷ್ಟ ಸವಳಂಗ ರಸ್ತೆಯವರಿಗೂ ವಿದ್ಯಾನಗರದವರಿಗೂ ಚೆನ್ನಾಗಿ ಗೊತ್ತಿತ್ತು. ಈಗ ಅಲ್ಲಿ ಮೇಲ್ಸೇತುವೆ ಬಂದು ಅದೇ ಕಿಲೋಮೀಟರಿಗೆ ನಿಮಿಷ ಕಡಿಮೆಯಾಗಿದೆ.

ಅಳಿಯಂದಿರು ರಜೆ ಹಾಕಿ, ಶಾಲೆಯ ಹೊತ್ತಿಗೆ ಸರಿಯಾಗಿ ಪ್ರತಿ ಮನೆಯಿಂದಲೂ ಮಗಳನ್ನು ಕರೆದುಕೊಂಡು ಹೊರಟು ನೋಡಿದರು. ಹೊಸ ಬಡಾವಣೆಯಿಂದ ಶಾಲೆಗೆ ಸ್ಕೂಟರಿನಲ್ಲಾದರೆ 20 ನಿಮಿಷ. ಆದರೆ ದಿನಾ ಸ್ಕೂಟರಿನಲ್ಲಿ ಬಿಡುವವರು ಯಾರು? ವ್ಯಾನಿನವನನ್ನು ಕೇಳಿದರೆ, ಹನ್ನೊಂದು ಕಡೆ ನಿಲ್ಲಿಸಿ ಮಕ್ಕಳನ್ನು ಹತ್ತಿಸಿಕೊಂಡು ಬರಬೇಕು, ನಿಮ್ಮ ಮಗುವೇ ಮೊದಲನೆಯದು, 50 ನಿಮಿಷ ಎಂದ. ಹೆದ್ದಾರಿ ಪಕ್ಕದ ಮನೆಯಿಂದ ವ್ಯಾನಿಗೆ 40 ನಿಮಿಷ. ಜೊತೆಗೆ, ಲಾರಿಗಳು ಓಡಾಡುವ ರಸ್ತೆಯನ್ನು ದಾಟಿ ಆಚೆ ಬದಿಯಲ್ಲಿ ಕಾಯಬೇಕು. ಶಾಲೆಯ ಹತ್ತಿರದ ಹಳೆಯ ಮನೆಯಿಂದ ನಡೆದರೆ 15 ನಿಮಿಷ. ಭದ್ರಾವತಿಯ ಮನೆಯಿಂದ ಇಲ್ಲಿನ ಶಾಲೆಗೆ ಸೇರಿಸಿದರೆ ನಡೆದು 12 ನಿಮಿಷ.

ಈಗ ನೀವೂ ಪೆನ್ಸಿಲ್ ತೆಗೆದುಕೊಳ್ಳಿ ಮಕ್ಕಳೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು, ಒಟ್ಟು 1000 ಗಂಟೆ ಪಾಠವಾಗಬೇಕು. ವ್ಯಾನಿನಲ್ಲಿ ಹೋಗಲು 50 ನಿಮಿಷ, ಬರಲು 50 ನಿಮಿಷ ಎಂದರೆ ದಿನಕ್ಕೆ 100. ಅದನ್ನು 220ರಿಂದ ಗುಣಿಸಿ. 22,000 ನಿಮಿಷ. 60ರಿಂದ ಭಾಗಿಸಿದರೆ 366 ಗಂಟೆ 40 ನಿಮಿಷ. ಅಂದರೆ ಮೂರು ಗಂಟೆ ಪಾಠಕ್ಕೆ ಒಂದು ಗಂಟೆಗಿಂತ ಹೆಚ್ಚು ವ್ಯಾನು! ನಡೆದು ಹೋಗುವ ಮನೆಯ ಲೆಕ್ಕ ದಿನಕ್ಕೆ 30 ನಿಮಿಷ, ವರ್ಷಕ್ಕೆ 110 ಗಂಟೆ. ಎರಡರ ನಡುವಿನ ವ್ಯತ್ಯಾಸ 256 ಗಂಟೆ 40 ನಿಮಿಷ. ಅಷ್ಟು ಹೊತ್ತಿನಲ್ಲಿ ಎಷ್ಟು ಲಗೋರಿ ಆಡಬಹುದು, ಎಷ್ಟು ಕಥೆ ಓದಬಹುದು, ಎಷ್ಟು ನಿದ್ದೆ ಮಾಡಬಹುದು!

ಈ ಲೆಕ್ಕ ನೋಡಿ ಅಳಿಯಂದಿರು, "ಮಾವ, ಹಿಂದಿನ ಮೂರನೇ ಕೋಣೆಯ ಬೆಲೆ ಈಗ ಗೊತ್ತಾಯಿತು" ಎಂದರು.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಸಂಸಾರಗಳು ಮನೆ ಕೊಳ್ಳುವಾಗ ಮೊದಲು ಶಾಲೆ ನೋಡುತ್ತವೆ. ಅಲ್ಲಿ ಸಾಮಾನ್ಯವಾಗಿ ನೀವು ಯಾವ ಬೀದಿಯಲ್ಲಿದ್ದೀರಿ ಎನ್ನುವುದರ ಮೇಲೆ ಯಾವ ಸರ್ಕಾರಿ ಶಾಲೆ ಎನ್ನುವುದು ನಿರ್ಧಾರವಾಗುತ್ತದೆ. ನಮ್ಮಲ್ಲಿ ಅಷ್ಟು ಬಿಗಿಯಾದ ಗೆರೆ ಇಲ್ಲ. ಆದರೆ ನಮ್ಮ ಕಾಯ್ದೆಯಲ್ಲೂ ‘ನೆರೆಹೊರೆಯ ಶಾಲೆ’ ಎಂಬ ಮಾತಿದೆ. ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಯವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಚಿಕ್ಕ ಕಾಲು ಎಷ್ಟು ದೂರ ನಡೆಯಬಲ್ಲದು ಎಂದು ಯೋಚಿಸಿ ಹಾಕಿದ ಅಳತೆ ಅದು. ಮನೆ ನೋಡುವಾಗ ನಾವೂ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ಇನ್ನೊಂದು ಸಂಗತಿ ಹಿರಿಯರಿಗೆ ತಿಳಿದಿರಲಿ. ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿಸಬಹುದೆಂದು ಲೆಕ್ಕ ಹಾಕಿ ಮನೆ ಹುಡುಕುವವರಿದ್ದಾರೆ. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಖಾಸಗಿ ಅನುದಾನರಹಿತ ಶಾಲೆಯಲ್ಲಿ ಸಿಗುವುದಿಲ್ಲ. ಹತ್ತಿರದ ಸರ್ಕಾರಿ ಶಾಲೆಯೊಳಗೆ ಒಮ್ಮೆ ಹೋಗಿ ಬನ್ನಿ. ಎಷ್ಟು ಮೇಷ್ಟ್ರಿದ್ದಾರೆ, ಶೌಚಾಲಯದಲ್ಲಿ ನೀರಿದೆಯೇ, ಮಕ್ಕಳ ಮುಖ ಹೇಗಿದೆ ಎಂದು ನೋಡಿ. ಬೋರ್ಡು ಓದಿ ಹಿಂತಿರುಗಬೇಡಿ.

ಹಾಗಾದರೆ 12 ನಿಮಿಷದ ಭದ್ರಾವತಿಯೇ ಗೆಲ್ಲಬೇಕಲ್ಲವೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಜ್ಜಿ ಆಗಲೇ ಹಪ್ಪಳದ ಡಬ್ಬ ಎರಡು ಮಾಡಿಟ್ಟಿದ್ದಳು. ಆದರೆ ಮಗಳು ಒಂದು ಮಾತು ಎತ್ತಿದಳು. "ಅಪ್ಪ, ನನ್ನದು ವರ್ಗಾವಣೆಯ ಕೆಲಸ. ಎರಡು ವರ್ಷಕ್ಕೆ ನನ್ನನ್ನು ಸಾಗರಕ್ಕೋ ತರೀಕೆರೆಗೋ ಹಾಕಿದರೆ?" ನಿಜ. ಅಳಿಯಂದಿರ ಕೆಲಸ ಶಿವಮೊಗ್ಗ ಬಿಡುವುದಿಲ್ಲ, ರಾತ್ರಿ ಒಂಬತ್ತಕ್ಕೆ ಮುಗಿಯುವ ದಿನಗಳೂ ಉಂಟು. ಆಷಾಢದ ಮಳೆಯಲ್ಲಿ ಆ ಹೊತ್ತಿಗೆ ಅವರು ಬೈಕಿನಲ್ಲಿ ಹೆದ್ದಾರಿಗೆ ಬೀಳಬೇಕು. ಮಗಳದು ಹಗಲಿನ ಬಸ್ಸಿನ ದಾರಿ. ಈ ದಾರಿಯಲ್ಲಿ ಸರ್ಕಾರಿ ಬಸ್ಸೂ ಇದೆ, ಖಾಸಗಿ ಬಸ್ಸೂ ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಖಾಸಗಿ ಬಸ್ಸಿಗೆ ಮಾತ್ರ ಕೊಡಬೇಕು.

ನಾನು ಕೊನೆಯ ಬಾಣ ಬಿಟ್ಟೆ. "ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಇಲ್ಲಿ ನಾವಿಬ್ಬರಿದ್ದೇವೆ." ಅದಕ್ಕೆ ಉತ್ತರ ಕೊಟ್ಟವಳು ನನ್ನ ಹೆಂಡತಿ. "ನಿಮಗೆ ಎಪ್ಪತ್ತೆರಡು, ನನಗೆ ಮಂಡಿನೋವು. ಇನ್ನು ಐದು ವರ್ಷಕ್ಕೆ ಯಾರು ಯಾರನ್ನು ನೋಡಿಕೊಳ್ಳಬೇಕೋ! ಅವರ ಮನೆ ಅವರಿಗೆ ಅನುಕೂಲವಾಗಿರಲಿ, ನಮಗಲ್ಲ." ನನಗೆ ಆ ಮಾತು ಇಳಿಯಲು ಎರಡು ದಿನ ಹಿಡಿಯಿತು. ಆದರೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ನಾನು ಹೇಳದೆ ಇದ್ದ ಒಂದು ಸಾಲಿತ್ತು. ಪ್ರತಿ ಪುಟದ ಕೆಳಗೆ ‘ಅಜ್ಜನ ಮನೆಗೆ’ ಎಂದು ಬರೆದು ಅದಕ್ಕೂ ನಿಮಿಷ ಹಾಕಿದ್ದಳು. ಶಾಲೆಯ ಹತ್ತಿರದ ಮನೆಯ ಪುಟದಲ್ಲಿ ‘ಅಜ್ಜನ ಮನೆಗೆ 65’ ಎಂದಿತ್ತು. ಪಕ್ಕದಲ್ಲಿ ಚಿಕ್ಕದಾಗಿ, ‘ಶನಿವಾರ ಮಾತ್ರ’. ದಿನಾ ನಡೆಯುವ ದಾರಿ ಚಿಕ್ಕದಿರಬೇಕು, ವಾರಕ್ಕೊಮ್ಮೆ ಹೋಗುವ ದಾರಿ ಉದ್ದವಿದ್ದರೂ ನಡೆಯುತ್ತದೆ ಎಂದು ಅವಳು ಆರು ಅಕ್ಷರದಲ್ಲಿ ಹೇಳಿದ್ದಳು.

ಶಾಲೆಯ ಹತ್ತಿರದ ಹಳೆಯ ಮನೆಯೇ ಆಯಿತು. ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆವು. ತುಂಗೆಯ ನಡುವಿನ ಮಂಟಪ ಮುಳುಗಿತು ಎಂದರೆ ಶಿವಮೊಗ್ಗದವರಿಗೆ ಹೊಳೆ ತುಂಬಿದ ಲೆಕ್ಕ. 2019ರ ಆಗಸ್ಟಿನಲ್ಲಿ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿರಬೇಕು. ಆದ್ದರಿಂದ ಜೋರು ಮಳೆಯ ದಿನ ಆ ಬೀದಿಗೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ, ಚರಂಡಿ ಎತ್ತ ಹರಿಯುತ್ತದೆ ಎಂದು ನೋಡಿದೆವು. ಪಕ್ಕದ ಮನೆಯ ಹಿರಿಯರನ್ನೂ ಕೇಳಿದೆವು. ಬೇಸಿಗೆಯ ಭಾನುವಾರ ನೋಡಿದ ಮನೆಯೆಲ್ಲವೂ ಚೆಂದವೇ. ಮಳೆಗಾಲದ ಸೋಮವಾರ ಬೆಳಿಗ್ಗೆ ನೋಡಿದರೆ ನಿಜ ತಿಳಿಯುತ್ತದೆ.

ಈ ಮನೆಯಲ್ಲಿ ಕೊರತೆ ಇಲ್ಲವೆಂದಲ್ಲ. ಅಕ್ಕ-ತಮ್ಮನಿಗೆ ಒಂದೇ ಕೋಣೆ, ದಿನಾ ಜಗಳ. ತೆಂಗಿನ ಗಿಡಕ್ಕೆ ಜಾಗವಿಲ್ಲ. ಮಗಳಿಗೆ ಬಸ್ಸಿನ ಓಡಾಟ ತಪ್ಪಲಿಲ್ಲ. ಸಂಜೆ ಅವಳು ಬರುವವರೆಗೆ ಎದುರು ಮನೆಯ ಅಜ್ಜಿ ಮಕ್ಕಳ ಮೇಲೆ ಕಣ್ಣಿಟ್ಟಿರುತ್ತಾರೆ. ನಮ್ಮ ಬೀದಿಯ ಆ ಖಾಲಿ ಮನೆಗೆ ಬೇರೆ ಯಾರೋ ಬಂದರು. ಅವರ ಮಕ್ಕಳ ಗದ್ದಲ ಕೇಳಿದಾಗ ಅಜ್ಜಿ ಒಮ್ಮೆ ಕಿಟಕಿಯ ಕಡೆ ನೋಡುತ್ತಾಳೆ. ಅಷ್ಟೇ.

ನಾಲ್ಕು ಮಾತು ನೆನಪಿಟ್ಟುಕೊಳ್ಳಿ. ಕಿಲೋಮೀಟರ್ ಬಿಟ್ಟು ನಿಮಿಷ ಲೆಕ್ಕ ಹಾಕಿ. ಕೆಲಸ ಊರು ಬದಲಿಸುತ್ತದೆ, ಶಾಲೆ ನಿಂತಲ್ಲೇ ಇರುತ್ತದೆ. ಯಾರಾದರೂ ದೂರ ಹೋಗಲೇಬೇಕೆಂದರೆ ಉದ್ದ ಕಾಲಿನವರು ಹೋಗಲಿ. ಶಾಲೆ ಬಿಟ್ಟು ಬಂದ ಮಗುವಿಗೆ ಬಾಗಿಲು ತೆಗೆಯುವವರು ಯಾರು ಎಂದು ಮೊದಲೇ ತಿಳಿದುಕೊಳ್ಳಿ.

ಮಕ್ಕಳೇ, ನಿಮಗೊಂದು ಕೆಲಸ. ನಾಳೆಯಿಂದ ಒಂದು ವಾರ ಮನೆಯ ಬಾಗಿಲು ಬಿಟ್ಟ ಹೊತ್ತು, ಶಾಲೆಯ ಗೇಟು ಮುಟ್ಟಿದ ಹೊತ್ತು ಬರೆದಿಡಿ. ಕೂಡಿಸಿ, 220 ದಿನಕ್ಕೆ ಲೆಕ್ಕ ಹಾಕಿ. ಉತ್ತರವನ್ನು ಅಜ್ಜ-ಅಜ್ಜಿಗೆ ತೋರಿಸಿ, ಅವರು ಶಾಲೆಗೆ ಹೇಗೆ ಹೋಗುತ್ತಿದ್ದರು ಎಂದು ಕೇಳಿ. ಹೊಳೆ ದಾಟಿದ ಕಥೆಯೋ, ಗದ್ದೆ ಬದುವಿನ ಕಥೆಯೋ ಹೊರಬರದೆ ಇರುವುದಿಲ್ಲ. ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.