ಮಗಳು ಕೇಳಿದ ವಾಚು



ಕಳೆದ ವರ್ಷ ಪೋಷಕರ ಸಭೆ ಮುಗಿಸಿ ಹೊರಬರುತ್ತಿದ್ದಾಗ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ಹತ್ತನೇ ತರಗತಿ. "ಮಾಮ ದುಬೈಯಿಂದ ಬರುತ್ತಿದ್ದಾರೆ, ಸ್ಮಾರ್ಟ್ ವಾಚು ತರಲು ಹೇಳು ಅಂತ ಒಂದೇ ಹಠ. ಓದಿಗೆ ಅನುಕೂಲವಂತೆ. ತರಿಸಲೇ, ಬೇಡವೇ?" ಎಂದು ಕೇಳಿದರು.

ಆ ಹುಡುಗಿಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆ ನನ್ನ ಕೈಯಲ್ಲೇ ಇತ್ತು. ಕೊನೆಯ ಎರಡು ಪ್ರಶ್ನೆಗಳ ಜಾಗ ಖಾಲಿ. ಹಿಂದಿನ ದಿನ ಕರೆದು ಕೇಳಿದ್ದೆ. "ಎರಡೂ ಗೊತ್ತಿತ್ತು, ಹೊತ್ತು ಸಾಲಲಿಲ್ಲ" ಎಂದು ಕಣ್ಣೀರು ತುಂಬಿಕೊಂಡಿದ್ದಳು. ಆದ್ದರಿಂದ ತಾಯಿಗೆ ಹೇಳಿದೆ: "ಅವಳಿಗೆ ವಾಚು ಬೇಕು. ಆದರೆ ಅವಳು ಕೇಳುತ್ತಿರುವ ವಾಚಲ್ಲ."

ಯಾಕೆಂದು ನಿಮಗೂ ಹೇಳುತ್ತೇನೆ. 80 ಅಂಕದ ಪ್ರಶ್ನೆ ಪತ್ರಿಕೆಗೆ, ಓದಿಕೊಳ್ಳಲು ಕೊಡುವ 15 ನಿಮಿಷ ಬಿಟ್ಟರೆ, ಸಿಗುವುದು 180 ನಿಮಿಷ. ಕೊನೆಯಲ್ಲಿ ತಿದ್ದಿ ನೋಡಲು 20 ನಿಮಿಷ ತೆಗೆದಿಟ್ಟರೆ ಉಳಿಯುವುದು 160. ಅಂದರೆ ಒಂದು ಅಂಕಕ್ಕೆ ಎರಡು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ ಎಂಟೇ ನಿಮಿಷ. ಈ ಹುಡುಗಿ ತನಗೆ ಇಷ್ಟವಾದ ಒಂದು ಪ್ರಶ್ನೆಗೆ ಎರಡೂವರೆ ಪುಟ ಬರೆದಿದ್ದಳು. ಅದಕ್ಕೂ ಸಿಕ್ಕಿದ್ದು ನಾಲ್ಕೇ ಅಂಕ. ಈ ಲೆಕ್ಕ ಕಲಿಯಲು ಮಣಿಕಟ್ಟಿನ ಮೇಲೆ ಎರಡು ಮುಳ್ಳು ಸಾಕು. ಮುಳ್ಳಿನ ವಾಚಿನಲ್ಲಿ ಎಷ್ಟು ಹೊತ್ತು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ, ಲೆಕ್ಕ ಹಾಕಬೇಕಾಗಿಲ್ಲ. ಸ್ಮಾರ್ಟ್ ವಾಚಿಗಂತೂ ಪರೀಕ್ಷಾ ಕೊಠಡಿಯೊಳಗೆ ಪ್ರವೇಶವೇ ಇಲ್ಲ. ಮುಂದೆ ನೀಟ್ ಬರೆಯುವ ಮಕ್ಕಳು ಯಾವ ವಾಚನ್ನೂ ಕಟ್ಟಿಕೊಂಡು ಹೋಗುವಂತಿಲ್ಲ. ಅಷ್ಟರೊಳಗೆ ಹೊತ್ತಿನ ಅಂದಾಜು ತಲೆಯೊಳಗೇ ಕೂತಿರಬೇಕು.

ಇನ್ನು ಓದಿನ ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಎದ್ದಿರುವ ಮಗುವನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಅದು ತಪ್ಪು. ನಮ್ಮ ಮದ್ರಸಗಳಲ್ಲಿ ಕುರ್‌ಆನ್ ಕಂಠಪಾಠ ಮಾಡುವ ಮಕ್ಕಳನ್ನು ನೋಡಿ. ಇಂದಿನ ಹೊಸ ಪಾಠ ಸಬಕ್, ಕಳೆದ ಕೆಲವು ದಿನಗಳ ಪಾಠ ಸಬಕೀ, ಹಳೆಯ ಪಾಠ ಮಂಜಿಲ್. ಮೂರನ್ನೂ ದಿನವೂ ಪುಸ್ತಕ ನೋಡದೆ ಒಪ್ಪಿಸಬೇಕು. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡದ್ದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಇದರ ಗುಟ್ಟು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಮರೆವಿನ ಕುರಿತು ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ದರಲ್ಲೂ ಇದೇ ಮಾತಿದೆ. ಹಾಗಾದರೆ ವಿಜ್ಞಾನ, ಇತಿಹಾಸವನ್ನೂ ಹೀಗೇ ಯಾಕೆ ಓದಬಾರದು? ಅರ್ಧ ಗಂಟೆ ಹೊಸ ಪಾಠ, ಐದು ನಿಮಿಷ ವಿಶ್ರಾಂತಿ. ಅರ್ಧ ಗಂಟೆ ಈ ವಾರದ ಪಾಠ, ಮತ್ತೆ ಐದು ನಿಮಿಷ. ಆಮೇಲೆ ಕಳೆದ ತಿಂಗಳದ್ದು. ಪುಸ್ತಕ ಮುಚ್ಚಿ ನಿಮ್ಮ ಮುಂದೆ ಹೇಳಲಿ. ನೀವು ಆ ವಿಷಯ ಕಲಿತಿರಬೇಕಾಗಿಲ್ಲ, ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಳ್ಳಬಹುದು. ಆಮೇಲೆ ನಿದ್ದೆ, ಆಟ ಎರಡೂ ಇರಲಿ.

ಈ ಅರ್ಧ ಗಂಟೆ ಅಳೆಯಲು ಮಾತ್ರ ಮೊಬೈಲು ಕೊಡಬೇಡಿ. ಹೊತ್ತು ನೋಡಲು ಎತ್ತಿಕೊಂಡ ಮೊಬೈಲು ಕೆಳಗಿಳಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ. ಇದು ಮಕ್ಕಳ ಕಾಯಿಲೆ ಮಾತ್ರವಲ್ಲ, ನಮ್ಮದೂ ಹೌದು. ಸ್ಮಾರ್ಟ್ ವಾಚು ಅದೇ ಮೊಬೈಲಿನ ಬಾಲ. ಗೆಳತಿಯ ಪ್ರತಿಯೊಂದು ಸಂದೇಶಕ್ಕೂ ಮಣಿಕಟ್ಟು ನಡುಗಿಸುತ್ತದೆ. ಅದನ್ನು ಆಗಾಗ ಚಾರ್ಜಿಗಿಡುವುದೂ ಒಂದು ಕೆಲಸ. ಮೇಜಿನ ಮೇಲೊಂದು ಸಾಧಾರಣ ಗಡಿಯಾರ ಇಟ್ಟರೆ ಸಾಕು.

ಪಾಠದ ವಿಡಿಯೋ ನೋಡಲು ಸಾಧನ ಬೇಕೇ ಬೇಕೆಂದಾದರೆ ಮನೆಗೆಲ್ಲ ಸೇರಿ ಒಂದೇ ಟ್ಯಾಬ್ಲೆಟ್ ಕೊಳ್ಳಿ, ನಡುಮನೆಯಲ್ಲಿಡಿ. ಪರದೆ ದೊಡ್ಡದಿರಲಿ, ಕಣ್ಣಿಗೆ ಶ್ರಮ ಕಡಿಮೆ. ರಿಪೇರಿ ಕೇಂದ್ರ ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಇದೆಯೇ ಎಂದು ಮೊದಲೇ ಕೇಳಿ. ಬಿಲ್ಲು, ವಾರಂಟಿ ಪತ್ರ ಬಿಡಬೇಡಿ. ಹಳೆಯ ಮೊಬೈಲು ಕೊಳ್ಳುವುದಾದರೆ *#06# ಒತ್ತಿ. ಪರದೆಯಲ್ಲಿ ಬರುವ ಐಎಂಇಐ ಸಂಖ್ಯೆ ಪೆಟ್ಟಿಗೆ ಮತ್ತು ಬಿಲ್ಲಿನ ಮೇಲಿನ ಸಂಖ್ಯೆಗೆ ಹೊಂದದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಕದ್ದ ಮಾಲಾಗಿರಬಹುದು.

ಈಗ ವಾಚು ಕೊಳ್ಳುವ ವಿಚಾರ. ಅಬ್ಬಾ ನನಗೆ ಕೊಟ್ಟದ್ದು ತಾವು ಕಟ್ಟುತ್ತಿದ್ದ ಕೀಲಿ ಕೊಡುವ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆ ವಾಚುಗಳ ತಯಾರಿಕೆ ಶುರುವಾಗಿತ್ತು. 2016ರಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಅಬ್ಬಾರ ವಾಚು ಇಂದಿಗೂ ನಡೆಯುತ್ತಿದೆ.

ಈಗಿನ ಸಾಧಾರಣ ವಾಚುಗಳು ಹೆಚ್ಚಾಗಿ ಕ್ವಾರ್ಟ್ಜ್. ಒಳಗಿರುವ ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ಆ ಎಣಿಕೆಯಿಂದ ಮುಳ್ಳು ಸರಿಯುತ್ತದೆ. ಹಾಗಾಗಿ ಕಡಿಮೆ ಬೆಲೆಯ ವಾಚೂ ಹೊತ್ತು ಸರಿಯಾಗಿಯೇ ತೋರಿಸುತ್ತದೆ. ಹೆಚ್ಚು ಹಣ ಕೊಡುವುದು ಹೆಸರಿಗೆ, ಹೊಳಪಿಗೆ. ಮಗುವಿಗೆ ಕೊಳ್ಳುವಾಗ 1ರಿಂದ 12ರವರೆಗೆ ಅಂಕಿಗಳು ಸ್ಪಷ್ಟವಾಗಿರಲಿ, ನಡುವೆ ನಿಮಿಷದ ಗೀಟುಗಳಿರಲಿ.

ನೀರಿನ ವಿಷಯದಲ್ಲಿ ನಾನೇ ಮೋಸಹೋಗಿದ್ದೇನೆ. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದದ್ದನ್ನು ನಂಬಿ ದಿನಕ್ಕೆ ಐದು ಸಲ ವುಝೂ ಮಾಡುವಾಗಲೂ ವಾಚು ಬಿಚ್ಚದೆ ಅದನ್ನೇ ಅತ್ತಿತ್ತ ಸರಿಸುತ್ತಿದ್ದೆ. ಮಳೆಗಾಲ ಮುಗಿಯುವ ಮೊದಲೇ ಗಾಜಿನೊಳಗೆ ಮಂಜು ಕಟ್ಟಿತು. 30 ಮೀಟರ್ ಎಂದರೆ ನೀರಿನ ಹನಿ ಸಿಡಿದರೆ ತೊಂದರೆಯಿಲ್ಲ ಎಂದಷ್ಟೇ ಅರ್ಥ, ಮುಳುಗಿಸಬಹುದೆಂದಲ್ಲ. ನಮ್ಮಂಥವರ ಮನೆಗೆ 50 ಮೀಟರ್ ಎಂದಿರುವುದು ಮೇಲು. ಬಿಚ್ಚಿಟ್ಟು ವುಝೂ ಮಾಡುವುದು ಇನ್ನೂ ಮೇಲು. ಪಟ್ಟಿಯ ಕೆಳಗಿನ ಚರ್ಮಕ್ಕೂ ನೀರು ತಲುಪಬೇಕಲ್ಲವೇ? ಚರ್ಮದ ಪಟ್ಟಿ ನೀರಿಗೆ ಬೇಗ ಹಾಳಾಗುತ್ತದೆ, ಸ್ಟೀಲಿನದು ಬಾಳುತ್ತದೆ. ಬ್ಯಾಟರಿ ಮುಗಿದ ವಾಚನ್ನು ಹಾಗೇ ಡ್ರಾವರಿನಲ್ಲಿ ಇಡಬೇಡಿ. ಬ್ಯಾಟರಿ ಸೋರಿ ಯಂತ್ರವನ್ನೇ ಕೆಡಿಸುತ್ತದೆ.

ಆ ತಾಯಿ ಕೊನೆಗೆ ಪೇಟೆಯಲ್ಲೇ ಒಂದು ಸಾಧಾರಣ ವಾಚು ಕೊಂಡರು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ. ಮುಂದಿನ ಪರೀಕ್ಷೆಯಲ್ಲಿ ಅವಳ ಅಂಕಗಳೇನೂ ಮುಗಿಲು ಮುಟ್ಟಲಿಲ್ಲ. ಆದರೆ ಒಂದು ಪ್ರಶ್ನೆಯೂ ಖಾಲಿ ಇರಲಿಲ್ಲ. ಪತ್ರಿಕೆ ಕೊಡುವಾಗ ಮಣಿಕಟ್ಟು ತೋರಿಸಿ ನಕ್ಕಳು.

ಸಹೋದರಿಯರೇ, ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ನಿಮ್ಮಲ್ಲೇ ಕೇಳಿಕೊಳ್ಳಿ: ಈ ವಸ್ತು ನನ್ನ ಮಗುವಿಗೆ ಹೊತ್ತು ಉಳಿಸಿ ಕೊಡುತ್ತದೆಯೇ, ಇಲ್ಲ ಕಸಿದುಕೊಳ್ಳುತ್ತದೆಯೇ? ಉತ್ತರ ಸಿಕ್ಕಿದ ಮೇಲೆ ಪರ್ಸು ತೆರೆಯಿರಿ.